ಮಾಣಿಕ್ಯವೋ, ಗಾರ್ನೆಟ್ಟೋ? ಅಳತೆ ಹೊಂದಿದರೂ ಸಂದೇಹ ಹೋಗುತ್ತಿಲ್ಲ

ಪ್ರಶ್ನೆ – ಕಲಬುರಗಿಯಿಂದ

ಎಲ್ಲರಿಗೂ ಶರಣು. ಮಾಣಿಕ್ಯವೆಂದು ಕೊಂಡ ಬಿಡಿ ಹರಳೊಂದು ಗಾಳಿಯಲ್ಲಿ 2.40 ಕ್ಯಾರಟ್, ನೀರಿನಲ್ಲಿ ಇಳಿಬಿಟ್ಟಾಗ 1.79 ಕ್ಯಾರಟ್ ತೂಗಿತು; ಅಂದರೆ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) 3.93. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ವಕ್ರೀಭವನಾಂಕ (ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಂಕ) ಅಳೆಯುವ ರಿಫ್ರ್ಯಾಕ್ಟೋಮೀಟರ್ 1.76ರ ಆಸುಪಾಸು ತೋರಿಸಿತು. ಮಾಣಿಕ್ಯದ ಸಾಂದ್ರತೆ 4.00, ವಕ್ರೀಭವನಾಂಕ 1.762ರಿಂದ 1.770 ಇರುವುದರಿಂದ ಲೆಕ್ಕ ಹೊಂದುತ್ತದೆ. ಆದರೆ ಬೆಳಕು ತಡೆಯಾಗುವಂತೆ ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವ) ಹಾಳೆಗಳ ನಡುವೆ ತಿರುಗಿಸಿದರೆ ಹರಳು ಕತ್ತಲಾಗಿಯೇ ಉಳಿಯುತ್ತದೆ. ಮಾಣಿಕ್ಯದಂತೆ ದ್ವಿವಕ್ರೀಭವನವುಳ್ಳ (ಬೆಳಕನ್ನು ಎರಡು ಕಿರಣಗಳಾಗಿ ಒಡೆಯುವ) ಹರಳು ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಬೇಕಲ್ಲವೇ? ದೋಷ ಹರಳಿನದೋ, ವಿಧಾನದ್ದೋ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಬೀದರಿನಿಂದ

ಶರಣು ಸರ್. ತಾವು ನೆಚ್ಚಿಕೊಂಡ ಎರಡು ಅಳತೆಗಳೇ ಮಾಣಿಕ್ಯವನ್ನೂ ಅದರಂತೆಯೇ ಕಾಣುವ ಗಾರ್ನೆಟ್ ಎಂಬ ಕೆಂಪು ಹರಳನ್ನೂ ಬೇರ್ಪಡಿಸಲಾರವು. ಪೈರೋಪ್ ಮತ್ತು ಆಲ್ಮಂಡೈನ್ ಎಂಬ ಎರಡು ಬಗೆ ಬೆರೆತ ಕೆಂಪು ಗಾರ್ನೆಟ್ಟಿನ ವಕ್ರೀಭವನಾಂಕ ಸಾಮಾನ್ಯವಾಗಿ 1.76ರ ಸುತ್ತಲೇ ಇರುತ್ತದೆ, ಸಾಂದ್ರತೆ 3.8ರ ಆಸುಪಾಸಿನಿಂದ ತೊಡಗಿ, ಕಬ್ಬಿಣ ಹೆಚ್ಚಿದಂತೆ ನಾಲ್ಕನ್ನೂ ದಾಟುತ್ತದೆ. ತಮ್ಮ ತಕ್ಕಡಿ 0.01 ಕ್ಯಾರಟ್ಟಿನಷ್ಟು ಆಚೀಚೆ ತೋರಿಸಿದರೂ ನೀರಿನಲ್ಲಿ ಕಳೆದ ತೂಕ 0.60 ಅಥವಾ 0.62 ಆಗಿ, ಉತ್ತರ 4.00ರಿಂದ 3.87ರವರೆಗೆ ಓಡಾಡುತ್ತದೆ. ಹರಳಿಗೆ ಅಂಟಿದ ಒಂದು ಗಾಳಿಗುಳ್ಳೆಯೂ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿದರೆ ಗುಳ್ಳೆ ಬಿಟ್ಟುಕೊಳ್ಳುತ್ತದೆ.

ಮಾಣಿಕ್ಯದ ಎರಡು ವಕ್ರೀಭವನಾಂಕಗಳ ಅಂತರ ಕೇವಲ 0.008. ಟಾರ್ಚಿನ ಬಿಳಿ ಬೆಳಕಿನಲ್ಲಿ ರಿಫ್ರ್ಯಾಕ್ಟೋಮೀಟರಿನೊಳಗೆ ಅಂಕ ತೋರಿಸುವ ನೆರಳಿನ ಅಂಚು ಬಣ್ಣಬಣ್ಣವಾಗಿ ಹರಡುವುದರಿಂದ ಇಷ್ಟು ಸಣ್ಣ ಅಂತರ ಕಾಣುವುದಿಲ್ಲ. ಹಳದಿ ಏಕವರ್ಣದ ಬೆಳಕು ಬಳಸಿ, ಉಪಕರಣದ ಕಣ್ಣುಗಾಜಿನ ಮೇಲೆ ಪೋಲರಾಯ್ಡ್ ತುಂಡನ್ನಿಟ್ಟು ತಿರುಗಿಸಿರಿ. ಮಾಣಿಕ್ಯವಾದರೆ ಅಂಚು ಸ್ವಲ್ಪ ಸರಿಯುತ್ತದೆ, ಒಂದೇ ವಕ್ರೀಭವನಾಂಕವಿರುವ ಗಾರ್ನೆಟ್ಟಾದರೆ ಕದಲುವುದಿಲ್ಲ.

ಕತ್ತಲಿನ ವಿಷಯದಲ್ಲಿ ಆತುರ ಬೇಡ. ಒಳ್ಳೆಯ ಕೆಂಪು ಮೇಲ್ಮುಖಕ್ಕೆ ಬರಲೆಂದು ಮಾಣಿಕ್ಯವನ್ನು ಅನೇಕ ಸಲ ದ್ಯುತಿ ಅಕ್ಷಕ್ಕೆ, ಅಂದರೆ ಬೆಳಕು ಎರಡಾಗಿ ಒಡೆಯದೆ ಸಾಗುವ ದಿಕ್ಕಿಗೆ, ಅಡ್ಡಲಾಗಿ ಕತ್ತರಿಸುತ್ತಾರೆ. ಆ ಅಕ್ಷದ ಗುಂಟ ನೋಡಿದಾಗ ನಿಜವಾದ ಮಾಣಿಕ್ಯವೂ ಬೆಳಗುವುದಿಲ್ಲ. ಆದ್ದರಿಂದ ಹರಳನ್ನು ಪಕ್ಕಕ್ಕೆ ಮಲಗಿಸಿ, ಕನಿಷ್ಠ ಮೂರು ದಿಕ್ಕುಗಳಿಂದ ನೋಡಬೇಕು. ಇನ್ನೊಂದೆಡೆ, ಒಳಗೆ ಬಿಗುವುಳ್ಳ ಗಾರ್ನೆಟ್ ಅಲ್ಲಲ್ಲಿ ಮಸುಕಾಗಿ ಬೆಳಗಿ ಮೋಸ ಮಾಡುವುದುಂಟು.

ನನ್ನ ಮಟ್ಟಿಗೆ ಅಯಸ್ಕಾಂತದ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಥರ್ಮಾಕೋಲಿನ ಚೂರಿನ ಮೇಲೆ ಹರಳನ್ನಿಟ್ಟು ನೀರಿನಲ್ಲಿ ತೇಲಿಬಿಡಿರಿ. ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ತಾಗಿಸದೆ ಹತ್ತಿರ ತಂದರೆ ಕಬ್ಬಿಣಾಂಶವುಳ್ಳ ಗಾರ್ನೆಟ್ ತೆಪ್ಪದ ಸಮೇತ ಹಿಂಬಾಲಿಸುತ್ತದೆ. ಫ್ಯಾನ್ ಮಾತ್ರ ಆರಿಸಿರಬೇಕು. ಬೇಸಿಗೆಯ ಕಲಬುರಗಿಯಲ್ಲಿ ಅದು ಸಣ್ಣ ಮಾತಲ್ಲವೆಂದು ಬಲ್ಲೆ. ಗೀರಿ ನೋಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿರಿ: ಹತ್ತರ ಮೋಸ್ ಮಾಪಕದಲ್ಲಿ ಮಾಣಿಕ್ಯದ ಗಡಸುತನ 9, ಗಾರ್ನೆಟ್ಟಿನದು ಸುಮಾರು 7ರಿಂದ 7.5, ಎರಡೂ ಗಾಜನ್ನು ಗೀರುತ್ತವೆ.

ಮರುಪ್ರಶ್ನೆ – ಕಲಬುರಗಿಯಿಂದ

ತೆಪ್ಪ ಅಯಸ್ಕಾಂತದ ಹಿಂದೆಯೇ ಬಂದಿತು, ಸರ್. ಅಂಚು ಕದಲಲಿಲ್ಲ, ಮೂರು ದಿಕ್ಕಿನಿಂದ ನೋಡಿದರೂ ಕತ್ತಲೆಯೇ. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚಿಗೂ ಅದು ಮಿಸುಕಲಿಲ್ಲ. ಆದರೆ ಮನೆಯ ಹಳೆಯ ಉಂಗುರದ ಕೆಂಪು ಹರಳು ಅದೇ ಟಾರ್ಚಿಗೆ ಕೆಂಡದಂತೆ ಹೊಳೆಯಿತು. ಇದಾದರೂ ಮಾಣಿಕ್ಯವೆಂದು ನಂಬಬಹುದೇ?

ಉತ್ತರ – ಬೀದರಿನಿಂದ

ಬಿಡಿ ಹರಳು ಗಾರ್ನೆಟ್ಟೇ. ಉಂಗುರದ ವಿಷಯದಲ್ಲಿ ತಡೆಯಿರಿ. ಆ ಹೊಳಪು ಕ್ರೋಮಿಯಂನಿಂದ ಬರುವುದು. ಕೆಂಪು ಸ್ಪಿನೆಲ್ ಎಂಬ ಬೇರೊಂದು ರತ್ನ ಸಹ ಹಾಗೆ ಹೊಳೆಯಬಲ್ಲದು, ಆದರೆ ಅದರ ವಕ್ರೀಭವನಾಂಕ 1.718ರ ಸುಮಾರು ಒಂದೇ ಆಗಿರುತ್ತದೆ. ಅಂಕ ಮಾಣಿಕ್ಯದ್ದೇ ಬಂದರೂ, ಫ್ರೆಂಚ್ ರಸಾಯನಶಾಸ್ತ್ರಜ್ಞ ವರ್ನೇ 1902ರಲ್ಲಿ ಪ್ರಕಟಿಸಿದ ಜ್ವಾಲೆಯ ವಿಧಾನದಿಂದ ಕೃತಕವಾಗಿ ಬೆಳೆಸಿದ ಮಾಣಿಕ್ಯಕ್ಕೂ ಅವೇ ಅಂಕಗಳು, ಅದೇ ಹೊಳಪು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಭೂತಗನ್ನಡಿಯಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟು ಒಳಗಿನ ಬೆಳವಣಿಗೆಯ ಗೆರೆಗಳನ್ನು ಹುಡುಕಿರಿ: ಅವು ಬಾಗಿದ್ದರೆ ಹರಳು ಕೃತಕ, ನೆಟ್ಟಗಿದ್ದು ಕೋನದಲ್ಲಿ ತಿರುಗಿದ್ದರೆ ನೈಸರ್ಗಿಕವಾಗಿರುವ ಸಂಭವ ಹೆಚ್ಚು. ಗೆರೆಯೇ ಕಾಣದಿದ್ದರೆ ಪ್ರಯೋಗಾಲಯಕ್ಕೆ ಕಳುಹಿಸುವುದೇ ಸರಿ.