ಈ ವಾರದ ಸಮಸ್ಯೆ: ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ಸಮಸ್ಯೆ ಕೊಟ್ಟವರು, ಉಡುಪಿ:

ಕಳೆದ ಭಾನುವಾರ ಮಲ್ಪೆ ಬಂದರಿನ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಮೇಜಿನಲ್ಲಿ ನಾಲ್ಕು ಜನ ಹುಡುಗರು. ಬಂಗುಡೆಯ ಮುಳ್ಳು ಬಿಡಿಸುತ್ತಾ ಸಿನಿಮಾ ಮಾತಾಡುತ್ತಿದ್ದರು. ಯಾವ ನಿರ್ದೇಶಕ ಮೇಲು, ಮುಂದೆ ಬರುವ ಯಾವ ಚಿತ್ರಕ್ಕೆ ಮೊದಲ ದಿನವೇ ಹೋಗಬೇಕು, ಬರೀ ಅದೇ. ಒಬ್ಬನಿಗೆ ಬೇಸರ. “ಹೀರೋನನ್ನು ಸಾಯಿಸಬಾರದಿತ್ತು ಮಾರಾಯ” ಅಂದ. ಸಾರು ಬಡಿಸುತ್ತಿದ್ದವರು ಅಲ್ಲೇ ನಿಂತು ಹೇಳಿದರು: “ಸತ್ತದ್ದು ಎಲ್ಲಿ? ಶೂಟಿಂಗ್ ಮುಗಿಸಿ ಇಲ್ಲೇ ಊಟ ಮಾಡಿ ಹೋಗಿದ್ದಾರೆ.”

ಬಸ್ಸಿನಲ್ಲಿ ಉಡುಪಿಗೆ ಬರುವಷ್ಟರಲ್ಲಿ ಆ ಮಾತು ತಾನಾಗಿ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಲಯಕ್ಕೆ ಕೂತಿತ್ತು. ಹಾಗಾಗಿ ಈ ವಾರದ ಸಮಸ್ಯೆ ಇದು:

ಸತ್ತ | ನಾಯಕ | ಸಂಜೆ | ಮಲ್ಪೆಯ | ಲುಂಡ | ಮೀನ್ಸಾ | ರು

ಹೊಸಬರಿಗಾಗಿ ಎರಡು ಮಾತು. ಸಮಸ್ಯೆ ಅಂದರೆ ಅಸಾಧ್ಯ ಅನ್ನಿಸುವ ಒಂದು ಕೊನೆಯ ಸಾಲು ಕೊಟ್ಟು, ಅದಕ್ಕೆ ಅರ್ಥ ಬರುವ ಹಾಗೆ ಪದ್ಯ ಕಟ್ಟಿಸುವ ಆಟ. ಇದು ಭಾಮಿನಿ ಷಟ್ಪದಿಯ ಆರನೇ ಸಾಲು. ಮೇಲಿನ ಐದು ಸಾಲು ನೀವು ಕಟ್ಟಬೇಕು. 1, 2, 4, 5ನೇ ಸಾಲುಗಳಿಗೆ 3-4-3-4, ಒಟ್ಟು 14 ಮಾತ್ರೆ. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ, ಸೊನ್ನೆ ಇರುವುದು, ಮುಂದೆ ಒತ್ತಕ್ಷರ ಇರುವುದು ಗುರು, ಅದಕ್ಕೆ ಎರಡು. ಮೂರನೆಯ ಸಾಲು ಆರನೆಯದರ ಹಾಗೆಯೇ: 3-4-3-4-3-4, ಕೊನೆಗೆ ಒಂದು ಗುರು (ಅಲ್ಲಿ ಗಿಡ್ಡ ಅಕ್ಷರ ಬಂದರೂ ಗುರು ಅಂತಲೇ ಲೆಕ್ಕ). ಎಲ್ಲ ಸಾಲಿನ ಎರಡನೇ ಅಕ್ಷರ ‘ತ್ತ’ ಆಗಬೇಕು, ಅದರ ಸ್ವರ ಯಾವುದೂ ಆಗಬಹುದು. ಸತ್ತವನು ಉಣ್ಣುವುದಿಲ್ಲ, ಅಲ್ವಾ? ಉಣ್ಣುವ ಹಾಗೆ ಮಾಡುವುದೇ ಕೆಲಸ. ಷರತ್ತು ಒಂದೇ: ಉತ್ತರ ಸಿನಿಮಾದ ಒಳಗಿನಿಂದ ಬರಬೇಕು. ಜೊತೆಗೆ ನಿಮ್ಮ ಇಷ್ಟದ ನಿರ್ದೇಶಕ ಯಾರು, ಯಾವ ಚಿತ್ರಕ್ಕೆ ಕಾಯುತ್ತಿದ್ದೀರಿ ಅಂತ ಬರೆಯಿರಿ.

ಕಾರ್ಕಳದ ಮೇಷ್ಟ್ರು:

ಮೊದಲು ನೇರ ದಾರಿ ಹಿಡಿಯುತ್ತೇನೆ. ಯಾರಾದರೂ ಒಬ್ಬರು ಇದನ್ನು ಹೇಳಿ ಮುಗಿಸಲೇಬೇಕು.

ಹತ್ತು ಸಲ ಗುಂಡೇಟು ತಿಂದನು
ನೆತ್ತರೆಂದರು ಕೆಂಪು ಬಣ್ಣಕೆ
ಕತ್ತು ವಾಲಿಸಿ ಮರಳ ಮೇಲೆಯೆ ಬಿದ್ದನಾ ನಟನು
ಹೊತ್ತು ಮುಳುಗಲು ಕಟ್ ಎನುತ್ತಲೆ
ಸುತ್ತ ನಿಂತವರೆತ್ತಿ ನಿಲಿಸಲು
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ನನ್ನ ನಿರ್ದೇಶಕ ಬಿ.ವಿ. ಕಾರಂತರು. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು. ಕೋಟದ ಶಿವರಾಮ ಕಾರಂತರ ಕಾದಂಬರಿಯಿಂದ 1975ರಲ್ಲಿ ‘ಚೋಮನ ದುಡಿ’ ಮಾಡಿದರು. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೇ. ಚೋಮ ಮಾತಾಡುವುದಕ್ಕಿಂತ ದುಡಿ ಮಾತಾಡುವುದು ಜಾಸ್ತಿ. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಸಮಸ್ಯೆ ಕೊಟ್ಟವರು:

ಮೇಷ್ಟ್ರೇ, ‘ಕಟ್ ಎನುತ್ತಲೆ’ ಚೆನ್ನಾಗಿ ಕೂತಿದೆ. ‘ಕಟ್’ ಎರಡು ಮಾತ್ರೆ, ‘ಎ’ ಒಂದು. ಷಟ್ಪದಿಯಲ್ಲಿ ಇಂಗ್ಲಿಷಿನ ಪದ ಬೇಡ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಇರುವ ಪದ ಪದ್ಯದಲ್ಲಿಯೂ ಇರಬೇಕು.

ಸುರತ್ಕಲ್‌ನ ವಿದ್ಯಾರ್ಥಿ:

ಇದು ನನ್ನ ಮೊದಲ ಪ್ರಯತ್ನ ಸಾರ್. ಎರಡು ಸಾಲು ಮಾತ್ರ ಆಗಿದೆ. ಸರಿ ಉಂಟಾ ಹೇಳಿ.

ಹತ್ತು ಟೇಕ್ ಆದಮೇಲೆ ನಿರ್ದೇಶಕ
ಚಿತ್ರ ಸಾಕೆಂದೆನುತ ನಕ್ಕನು

ಸಮಸ್ಯೆ ಕೊಟ್ಟವರು:

ಬೆರಳು ಮಡಚಿ ಎಣಿಸಿ ನೋಡಿ. ‘ಹತ್ತು’ 3, ‘ಟೇಕ್ ಆ’ 4. ಇಲ್ಲಿವರೆಗೆ ಸರಿ. ಆಮೇಲೆ ‘ದಮೇ’ ಬಂತು. ಲಘುವಿನ ಮೇಲೆ ಗುರು ಬಂದರೆ ಭಾಮಿನಿಯ ನಡೆ ಎಡವುತ್ತದೆ, ಜೋರಾಗಿ ಓದಿದರೆ ನಿಮಗೇ ಗೊತ್ತಾಗುತ್ತದೆ. ಉಳಿದ ‘ಲೆ ನಿರ್ದೇಶಕ’ ಒಂದೇ 7 ಮಾತ್ರೆ. ಸಾಲು 14ರಲ್ಲಿ ನಿಲ್ಲಬೇಕಾದದ್ದು 17ಕ್ಕೆ ಹೋಯಿತು. ‘ಹತ್ತು ಟೇಕಿನ ಮೇಲೆ ಒಪ್ಪಿದ’ ಅಂದರೆ ಸರಿಯಾಗಿ ಕೂರುತ್ತದೆ. ನಿರ್ದೇಶಕನನ್ನು ಎರಡನೇ ಸಾಲಿಗೆ ಇಳಿಸಿ.

ಎರಡನೇ ಸಾಲಿನ ಮಾತ್ರೆ ಸರಿ ಇದೆ, ಪ್ರಾಸ ತಪ್ಪಿದೆ. ‘ಚಿತ್ರ’ದಲ್ಲಿರುವುದು ‘ತ್ರ’, ನಮಗೆ ಬೇಕಾದದ್ದು ‘ತ್ತ’. ಸಿನಿಮಾದ ಪದ್ಯದಲ್ಲಿ ‘ಚಿತ್ರ’ ಅನ್ನುವ ಪದವನ್ನೇ ಸಾಲಿನ ಮೊದಲಿಗೆ ಇಡುವ ಹಾಗಿಲ್ಲ ಅಂದರೆ ಕಷ್ಟ, ನಿಜ. ಕತ್ತಿ, ಬೆತ್ತ, ಗತ್ತು, ಕುತ್ತಿಗೆ, ಇವೆಲ್ಲ ಇವೆ. ಇನ್ನೊಮ್ಮೆ ಬರೆಯಿರಿ. ಕಾಯುತ್ತೇನೆ.

ಕೋಟದಿಂದ ಒಬ್ಬರು:

ರಾತ್ರಿ ಯಕ್ಷಗಾನದ ಆಟದಲ್ಲಿ ಸತ್ತ ಕೀಚಕ ಬೆಳಿಗ್ಗೆ ಮೊದಲ ಬಸ್ಸಿಗೆ ಮನೆಗೆ ಹೋಗುವುದಿಲ್ಲವಾ? ಅದನ್ನು ಬರೆಯಬಹುದಾ?

ಸಮಸ್ಯೆ ಕೊಟ್ಟವರು:

ಖಂಡಿತ ಬರೆಯಬಹುದು, ಆದರೆ ಈ ವಾರ ಬೇಡ. ಯಕ್ಷಗಾನಕ್ಕೆ ಒಂದು ಇಡೀ ವಾರ ಕೊಡೋಣ. ಭಾಗವತರ ಬಾಯಲ್ಲಿ ಕೇಳಿ ಕೇಳಿ ಭಾಮಿನಿ ನಮ್ಮ ಕಿವಿಯಲ್ಲೇ ಉಂಟು. ಆ ಋಣ ದೊಡ್ಡದು.

ಬ್ರಹ್ಮಾವರದ ಅಂಚೆ ನೌಕರರು:

ನಾಯಕ ಅಂದರೆ ಸ್ಟಾರ್ ಆಗಿರಲೇಬೇಕು ಅಂತ ಇಲ್ಲವಲ್ಲ? ನನ್ನ ನಾಯಕ ಒಬ್ಬ ಮೀನುಗಾರ. ಸರ್ಕಾರದ ಕಡತದಲ್ಲಿ ಅವನು ಸತ್ತಿದ್ದಾನೆ.

ಹೊತ್ತಗೆಯಲಿದೆ ಮರಣ ದಾಖಲೆ
ಒತ್ತಿ ಬಿಟ್ಟರು ಮೊಹರನದರಲಿ
ಇತ್ತ ಬದುಕಿಹೆನೆಂದು ಮೆಟ್ಟಿಲ ಹತ್ತಿ ಸೋತವನು
ಕತ್ತಲಾಗಲು ದೋಣಿ ಗೆಳೆಯರ
ಹತ್ತಿರವೆ ಬಂದೊರಗಿ ಕುಳಿತನು
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ಯಾವ ನಿರ್ದೇಶಕರ ನೆನಪಲ್ಲಿ ಬರೆದೆ ಅಂತ ನಿಮಗೆ ಗೊತ್ತಾಗಿರುತ್ತದೆ. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ (1986). ತೇಜಸ್ವಿಯವರ ಕತೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ. ಚಾರುಹಾಸನ್ ಆ ಪಾತ್ರದಲ್ಲಿ ನಡೆಯುವ ರೀತಿ ನೋಡಿ. ನಮ್ಮ ಕಚೇರಿಯ ಕಿಟಕಿಯ ಆಚೆ ನಿಂತ ಮುದುಕರನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಆ ಸಿನಿಮಾ ನೋಡಿದ ಮೇಲೆ ನಾನು ಯಾರಿಗೂ ‘ನಾಳೆ ಬನ್ನಿ’ ಅಂತ ಸುಮ್ನೆ ಹೇಳಿದ್ದಿಲ್ಲ.

ಸಮಸ್ಯೆ ಕೊಟ್ಟವರು:

ಇದನ್ನು ಮೂರು ಸಲ ಓದಿದೆ. ‘ಸತ್ತ’ ಅನ್ನುವುದಕ್ಕೆ ಇಂಥ ಅರ್ಥ ನನಗೆ ಹೊಳೆದೇ ಇರಲಿಲ್ಲ. ‘ಮೆಟ್ಟಿಲ ಹತ್ತಿ ಸೋತವನು’ ಅನ್ನುವಲ್ಲಿ ಉಸಿರು ಸಾಕಾಗುವುದಿಲ್ಲ. ಮೆಟ್ಟಿಲು ಹತ್ತಿದ ಹಾಗೆಯೇ ಆಗುತ್ತದೆ.

ಮಂಗಳೂರು, ಬಂದರು ಪ್ರದೇಶದಿಂದ:

ನನ್ನ ಸೋದರಮಾವ ಊರಿನ ಒಂದು ಹಳೇ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಸಣ್ಣವನಿದ್ದಾಗ ಪ್ರೊಜೆಕ್ಟರ್ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು. ಎರಡು ಮೆಷಿನ್ ಪಕ್ಕಪಕ್ಕ. ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಪರದೆಯ ಬಲ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ ಎರಡನೇ ಮೆಷಿನ್ ಶುರು ಮಾಡಬೇಕು, ಇನ್ನೊಂದು ಚುಕ್ಕೆ ಮಿಂಚಿದರೆ ಬದಲಿಸಬೇಕು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಮಾವ ಆ ಚುಕ್ಕೆ ಬರುವ ಮೊದಲೇ ಕೈ ಎತ್ತಿ ಇಟ್ಟುಕೊಳ್ಳುತ್ತಿದ್ದರು.

ಅವರಿಗೆ ಶಂಕರ್ ನಾಗ್ ಅಂದರೆ ಪ್ರಾಣ. ಪಕ್ಕದ ಆಗುಂಬೆಗೆ ಬಂದು ‘ಮಾಲ್ಗುಡಿ ಡೇಸ್’ ಮಾಡಿದವರು. 1990ರ ಸೆಪ್ಟೆಂಬರ್ 30ರಂದು ತೀರಿಕೊಂಡರು, ಬರೀ 35 ವರ್ಷ. ಆಮೇಲೆ ಅವರ ಹಳೇ ಚಿತ್ರ ಹಾಕಿದಾಗ ಮಾವ ಕಿಂಡಿಯಿಂದ ಪರದೆ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪದ್ಯದಲ್ಲಿರುವ ಊಟ ನನ್ನ ಕಲ್ಪನೆ, ಅಳು ಮಾವನದು.

ಎತ್ತರದ ಪರದೆಯಲಿ ಹಳೆ ಕತೆ
ಸುತ್ತಿ ಇರಿಸಿದ ರೀಲು ಬಿಚ್ಚಿತು
ಅತ್ತು ಕಳಿಸಿದೆವಲ್ಲ ನಾವೇ ಎಂದೊ ಅವನನ್ನು
ಕತ್ತಲೊಳಗೇ ಮತ್ತೆ ಕಂಡೆವು
ತುತ್ತನೆತ್ತುತ ನಗುವ ಮುಖವನು
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ಮಣಿಪಾಲದಿಂದ, ಇಂಜಿನಿಯರಿಂಗ್ ಓದುವವಳು:

ನನ್ನ ಉತ್ತರ ಒಂದೇ ಮಾತಿನಲ್ಲಿ: ಹಿಂದಿನ ಕತೆ! ಈಗ ಎರಡನೇ ಭಾಗ ಅಂದರೆ ಮುಂದೆ ಹೋಗುವುದಿಲ್ಲ, ಹಿಂದೆ ಹೋಗುತ್ತದೆ.

ಮೊತ್ತಮೊದಲಿನ ಭಾಗದಲ್ಲವ
ಕತ್ತಿಯೇಟಿಗೆ ಬಿದ್ದು ಹೋದನು
ಮತ್ತೆ ಬರುತಿದೆ ಭಾಗ ಎರಡಿದು, ಮೊದಲು ನಡೆದ ಕತೆ
ಹತ್ತು ವರುಷವ ಹಿಂದೆ ತಿರುಗಿಸಿ
ಬಿತ್ತರಿಸುವರು ಕೇಳಿ ಗೆಳೆಯರೆ
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ನಾನು ಕಾಯುತ್ತಿರುವುದು ರಕ್ಷಿತ್ ಶೆಟ್ಟಿಯವರ ‘ರಿಚರ್ಡ್ ಆಂಟನಿ’ಗೆ. 2021ರಲ್ಲಿ ಹೆಸರು ಪ್ರಕಟ ಮಾಡಿದರು. ‘ಉಳಿದವರು ಕಂಡಂತೆ’ (2014) ಚಿತ್ರದ ಹಿಂದಿನ ಕತೆ. ಆ ಮೊದಲ ಚಿತ್ರ ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ, ಥಿಯೇಟರಿನಲ್ಲಿ ನೋಡಲಿಲ್ಲ. ಹಾಸ್ಟೆಲಿನಲ್ಲಿ ಆರು ಜನ ಒಂದು ಲ್ಯಾಪ್‌ಟಾಪ್ ಸುತ್ತ ಕೂತು ನೋಡಿದೆವು. ಇದನ್ನಾದರೂ ದೊಡ್ಡ ಪರದೆಯಲ್ಲಿ, ಮೊದಲ ದಿನ, ಮೊದಲ ಆಟ ನೋಡಬೇಕು.

ಸಮಸ್ಯೆ ಕೊಟ್ಟವರು:

ನೀವು ಹೇಳಿದ್ದು ನಮ್ಮ ಕರಾವಳಿಗೆ ಪೂರ್ತಿ ಸರಿ. ರಿಷಬ್ ಶೆಟ್ಟಿಯವರೂ ಅದೇ ಮಾಡಿದರಲ್ಲ? 2022ರಲ್ಲಿ ‘ಕಾಂತಾರ’, ಆಮೇಲೆ 2025ರ ಅಕ್ಟೋಬರ್ 2ಕ್ಕೆ ಬಂದ ‘ಚಾಪ್ಟರ್ 1’ ಕದಂಬರ ಕಾಲಕ್ಕೆ ಹೋಯಿತು.

ನನಗೆ ‘ಉಳಿದವರು ಕಂಡಂತೆ’ ಇಷ್ಟವಾಗಲು ಇನ್ನೊಂದು ಕಾರಣ ಉಂಟು. ಅದರಲ್ಲಿ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಇಲ್ಲಿ ಈ ವಾರ ಆಗುತ್ತಿರುವುದೂ ಅದೇ ಅಲ್ವಾ? ಸಾಲು ಒಂದೇ. ಮೇಷ್ಟ್ರು ಅದರಲ್ಲಿ ಕೆಂಪು ಬಣ್ಣ ಕಂಡರು, ಅಂಚೆಯವರು ಮೊಹರು ಕಂಡರು, ಮಂಗಳೂರಿನವರು ಮಾವನನ್ನು ಕಂಡರು. ಮುಂದೆ ಬರುವ ಚಿತ್ರಗಳಿಂದ ನನಗೆ ಬೇಕಾದದ್ದು ಇಷ್ಟೇ. ಮಲ್ಪೆಯನ್ನು ಸುಮ್ನೆ ಹಾಡಿನ ಹಿಂದಿನ ಸಮುದ್ರ ಮಾಡಬೇಡಿ. ಬೆಳಗಿನ ಜಾವ ಬೋಟು ನಿಲ್ಲುವ ದಕ್ಕೆಯಲ್ಲಿ ಮಂಜುಗಡ್ಡೆ ಪುಡಿ ಮಾಡುವ ಸದ್ದು, ಬುಟ್ಟಿ ಹೊತ್ತ ಹೆಂಗಸರ ಚೌಕಾಸಿ, ಮಳೆಗಾಲದಲ್ಲಿ ಬೋಟುಗಳು ಸಾಲಾಗಿ ಸುಮ್ಮನೆ ನಿಂತ ಆ ಎರಡು ತಿಂಗಳು, ಇವೆಲ್ಲ ಕತೆಯ ಒಳಗೆ ಬರಲಿ.

ಸುರತ್ಕಲ್‌ನ ವಿದ್ಯಾರ್ಥಿ:

ಸಾರ್, ಮುಗಿಸಿದೆ. ರಾತ್ರಿ ಒಂದೂವರೆ ಆಯ್ತು.

ಹತ್ತು ಟೇಕಿನ ಮೇಲೆ ಒಪ್ಪಿದ
ಗತ್ತಿನವ ನಿರ್ದೇಶಕನು, ನಟ
ಬೆತ್ತದೇಟನು ತಿಂದ ಹುಡುಗನ ಹಾಗೆ ಸೊರಗಿದನು
ಸತ್ತೆ ನಾನಿಂದೆನುತ ಒರಗಿದ
ಕುತ್ತಿಗೆಯ ಬೆವರೊರಸಿಕೊಳ್ಳುತ
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ನನಗೆ ರಾಜ್ ಬಿ. ಶೆಟ್ಟಿ ಇಷ್ಟ. ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ನಮ್ಮ ಮಂಗಳೂರಿನ ಗಲ್ಲಿ, ನಮ್ಮ ಮಾತು, ಎಲ್ಲ ಇದ್ದ ಹಾಗೇ ಉಂಟು.

ಸಮಸ್ಯೆ ಕೊಟ್ಟವರು:

ಶಭಾಷ್! ಒಂದು ಮಾತ್ರೆಯೂ ತಪ್ಪಿಲ್ಲ. ಸುಸ್ತಾದಾಗ ನಾವೆಲ್ಲ ‘ಸತ್ತೆ’ ಅನ್ನುತ್ತೇವೆ. ಆ ದಿನನಿತ್ಯದ ಮಾತನ್ನೇ ಬೀಗದ ಕೈ ಮಾಡಿಕೊಂಡಿರಿ. ಎರಡನೇ ಸಾಲಿನ ಕೊನೆಯ ‘ನಟ’ ಮೂರನೆಯ ಸಾಲಿಗೆ ಹರಿಯುವುದು ಅಭ್ಯಾಸವಾದವರಿಗೂ ಸುಲಭವಲ್ಲ.

ಕುಂದಾಪುರದ ಅಕ್ಕ:

ಎಲ್ಲರೂ ಉಂಡವನ ಬಗ್ಗೆ ಬರೆದಿರಿ. ಸಾರು ಮಾಡಿದವಳು ಯಾರು? ನಾನು ಅವಳ ಬಗ್ಗೆ ಬರೆದೆ.

ಬುತ್ತಿ ತಂದಳು ಮೀನು ಮಾರುವ
ಅತ್ತೆ, ಜನರಲಿ ನೂಕಿ ನುಗ್ಗುತ
“ಅತ್ತೆ ನಿನ್ನೆಯ ಆಟದಲ್ಲಿಯೆ ನೀನು ಸತ್ತಾಗ
ತುತ್ತು ತಿಂದರೆ ನನಗೆ ನೆಮ್ಮದಿ”
ಎತ್ತಿ ಕೊಟ್ಟಳು ತಟ್ಟೆ ತುಂಬಿಸಿ
ಸತ್ತ ನಾಯಕ ಸಂಜೆ ಮಲ್ಪೆಯಲುಂಡ ಮೀನ್ಸಾರು

ನಮ್ಮೂರಿನ ವೈದೇಹಿಯವರ ಕತೆಯಿಂದ ಕಾಸರವಳ್ಳಿಯವರು ಮಾಡಿದ ‘ಗುಲಾಬಿ ಟಾಕೀಸು’ (2008) ನೋಡಿದ್ದೀರಾ? ಉಮಾಶ್ರೀ ಸೂಲಗಿತ್ತಿ ಗುಲಾಬಿ. ಸಿನಿಮಾ ಅಂದರೆ ಅವಳಿಗೆ ಹುಚ್ಚು. ಮನೆಗೆ ಟಿವಿ ಬಂದಾಗ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ನನ್ನ ಅಮ್ಮನೂ ಹಾಗೆಯೇ. ಹೀರೋ ಸತ್ತ ರಾತ್ರಿ ಅವರು ಅನ್ನ ಮುಟ್ಟುತ್ತಿರಲಿಲ್ಲ.

ಸಮಸ್ಯೆ ಕೊಟ್ಟವರು:

ಅಕ್ಕ, ಈ ವಾರದ ಎಲೆ-ಅಡಿಕೆ ನಿಮಗೆ. ಎರಡನೇ ಸಾಲಿನ ‘ಅತ್ತೆ’ ಹೆಂಗಸು, ಮೂರನೇ ಸಾಲಿನ ‘ಅತ್ತೆ’ ಅಳು. ಒಂದೇ ಪದವನ್ನು ಅಕ್ಕಪಕ್ಕದ ಸಾಲಿನಲ್ಲಿ ಇಟ್ಟು ಬೇರೆ ಬೇರೆ ಕೆಲಸ ಮಾಡಿಸಿದ್ದೀರಿ. ಅದಕ್ಕಿಂತ ದೊಡ್ಡದು ಇನ್ನೊಂದು. ಉಳಿದವರೆಲ್ಲ, ನಾನೂ ಮನಸ್ಸಿನಲ್ಲೇ, ಅವನು ಸತ್ತಿಲ್ಲ ಅಂತ ಸಾಧಿಸಲು ಹೊರಟಿದ್ದೆವು. ನಿಮ್ಮ ಅತ್ತೆಗೆ ಆ ವಾದವೇ ಬೇಡ. ನಿನ್ನೆ ಅತ್ತದ್ದೂ ನಿಜ, ಇವತ್ತು ಬಡಿಸಿದ್ದೂ ನಿಜ.

ಕಾರ್ಕಳದ ಮೇಷ್ಟ್ರು:

ಒಪ್ಪಿದೆ ಅಕ್ಕ. ನನ್ನ ಪದ್ಯದ ನಟನಿಗೂ ನಿಮ್ಮ ಅತ್ತೆಯೇ ಬಡಿಸಲಿ.

ಸಮಸ್ಯೆ ಕೊಟ್ಟವರು:

ಮುಂದಿನ ವಾರದ್ದು ಇದು. ಭಾಮಿನಿಯೇ. ಪ್ರಾಸಾಕ್ಷರ ‘ರ’, ಅದರ ಹಿಂದಿನ ಅಕ್ಷರ ಲಘು. ‘ತೆರೆ’ಗೆ ನಮ್ಮೂರಲ್ಲಿ ಎರಡು ಅರ್ಥ ಉಂಟು ಅನ್ನುವುದು ನೆನಪಿರಲಿ.

ತೆರೆಯು ಹರಿದರು ಚಿತ್ರ ನಿಲ್ಲದು ಮಂಗಳೂರಲ್ಲಿ