ಡಕೋಸಾರಸ್ ಅನ್ನು ಗೇಮ್‌ಗೆ ತರುವುದು: ಬಾಲ, ಈಜು, ಮೊಟ್ಟೆ

ಅಲೆಗಾರ: ಕಡಲ ಪ್ರಾಣಿಗಳನ್ನು ಹಿಡಿದು ಕೂಡಿಹಾಕುವ ಮೊಬೈಲ್ ಗೇಮ್‌ಗೆ ಡಕೋಸಾರಸ್ (ಡೈನೋಸಾರ್‌ಗಳ ಕಾಲದ, ಮೊಸಳೆಯ ಕಡಲ ಸಂಬಂಧಿ) ಬೇಕು. ಸಿದ್ಧ ಮೊಸಳೆ ಮಾಡೆಲ್‌ಗೆ ಈಜುರೆಕ್ಕೆ ಅಂಟಿಸಿದರೆ ಸಾಕೇ? 3ಡಿ ಮಾಡೆಲ್ ಮಾಡುವ ಬ್ಲೆಂಡರ್‌ನಿಂದ ಗೇಮ್ ಕಟ್ಟುವ ಯೂನಿಟಿಗೆ ತಂದ ಈಜು ಲೂಪ್ (ಮತ್ತೆ ಮತ್ತೆ ಓಡುವ ಈಜಿನ ಅನಿಮೇಷನ್) ಪ್ರತಿ ಸುತ್ತಿಗೂ ಒಮ್ಮೆ ಮುಗ್ಗರಿಸುತ್ತದೆ. ಉಳಿದವುಗಳಂತೆ ಇದನ್ನೂ ಮೊಟ್ಟೆಯೊಡೆಸಿ ಕೊಡಬಹುದೇ?

ಪಳೆಯುಳಿಕೆ_ಪ್ರಿಯ: ಸಾಲದು. ಮೊದಲು ಬೆನ್ನಿನ ಹುರುಪೆ ಪೂರ್ತಿ ತೆಗೆಯಿರಿ. ಈ ಕುಟುಂಬಕ್ಕೆ, ಅಂದರೆ ಮೆಟ್ರಿಯೊರಿಂಕಿಡ್‌ಗಳಿಗೆ, ಮೂಳೆಕವಚವೇ ಇರಲಿಲ್ಲ, ಮೈ ನುಣುಪು. ಮುಂಗಾಲು ದೋಣಿಯ ಹುಟ್ಟಿನಂತೆ, ಹಿಂಗಾಲಿಗಿಂತ ಚಿಕ್ಕದು. ಎಲ್ಲರೂ ಎಡವುವುದು ಬಾಲದಲ್ಲಿ. ಶಾರ್ಕ್‌ನ ಬೆನ್ನೆಲುಬು ಬಾಲದ ಈಜುರೆಕ್ಕೆಯ ಮೇಲಿನ ಹಾಳೆಯೊಳಗೆ ಹೋಗುತ್ತದೆ, ಇದರದ್ದು ಕೆಳಕ್ಕೆ ಬಾಗಿ ಕೆಳಹಾಳೆಗೆ ಇಳಿಯುತ್ತದೆ. ಮೇಲಿನ ಹಾಳೆಯಲ್ಲಿ ಮೂಳೆಯಿಲ್ಲ. ಅರ್ಜೆಂಟೀನಾದ ವಾಕಾ ಮುಯೆರ್ತಾ ಶಿಲಾಸ್ತರದ ಡಕೋಸಾರಸ್ ಆಂಡಿನಿಯೆನ್ಸಿಸ್ ಮಾಡುವುದಾದರೆ ಮೂತಿ ಗಿಡ್ಡ, ತಲೆಬುರುಡೆ ಎತ್ತರ, ಹಲ್ಲು ದೊಡ್ಡದು, ಅಂಚಿನಲ್ಲಿ ಗರಗಸ. ಉದ್ದ ಮೂತಿ ಕೊಟ್ಟರೆ ಅದು ಮೀನು ಹಿಡಿಯುವ ಕ್ರಿಕೋಸಾರಸ್ ಆಗಿಬಿಡುತ್ತದೆ.

ಕೀಫ್ರೇಮ್: ಈಜು ಎಡ-ಬಲಕ್ಕೆ, ಡಾಲ್ಫಿನ್‌ನಂತೆ ಮೇಲೆ-ಕೆಳಗೆ ಅಲ್ಲ. ಬೋನ್‌ಗಳ (ಮಾಡೆಲ್ ಅನ್ನು ಆಡಿಸುವ ಒಳಗಿನ ಕಡ್ಡಿಗಳು) ರೋಲ್, ಅಂದರೆ ತಮ್ಮ ಉದ್ದದ ಸುತ್ತ ಅವು ತಿರುಗಿರುವ ಕೋನ, ಹೊಂದದಿದ್ದರೆ ಕೆಲವು ಪಕ್ಕಕ್ಕೆ, ಕೆಲವು ಮೇಲಕ್ಕೆ ತಿರುಗುತ್ತವೆ; ಎಡಿಟ್ ಮೋಡ್‌ನಲ್ಲಿ ರೀಕ್ಯಾಲ್ಕುಲೇಟ್ ರೋಲ್, ಗ್ಲೋಬಲ್ ಪ್ಲಸ್ ಝಡ್ ಕೊಟ್ಟು ಝಡ್ ಅಕ್ಷದಲ್ಲೇ ತಿರುಗಿಸಿ. 24 ಫ್ರೇಮ್‌ನ ಸುತ್ತು ಇಟ್ಟು, ಬಾಲದ ಬುಡದಿಂದ ತುದಿಗೆ ಪ್ರತಿ ಬೋನ್‌ನ ಕೀಗಳನ್ನು (ಭಂಗಿ ಗುರುತಿಸಿದ ಫ್ರೇಮ್‌ಗಳು) 3 ಫ್ರೇಮ್ ತಡವಾಗಿಸಿ. ಮುಗ್ಗರಿಕೆಗೆ ಕಾರಣ ಸಾಮಾನ್ಯವಾಗಿ ಎರಡು. ಕೊನೆಯ ಕೀಗಳ ಹ್ಯಾಂಡಲ್ (ಚಲನೆಯ ಗೆರೆಯ ಇಳಿಜಾರು ತಿದ್ದುವ ಹಿಡಿ) ಚಪ್ಪಟೆಯಾಗಿ ಚಲನೆ ಅಲ್ಲಿ ನಿಂತಂತಾಗುವುದು ಒಂದು: ಗ್ರಾಫ್ ಎಡಿಟರ್‌ನಲ್ಲಿ ಚಲನೆಯನ್ನು ಮರುಕಳಿಸುವ ಸೈಕಲ್ಸ್ ಮಾಡಿಫೈಯರ್ ಹಾಕಿ. ಇನ್ನೊಂದು ಫ್ರೇಮ್ ಎಣಿಕೆ: ಬ್ಲೆಂಡರ್‌ನಲ್ಲಿ 1ರಿಂದ 24 ಓಡಿಸಿ ನೋಡಿ, ಆದರೆ ಯೂನಿಟಿಗೆ 1ರಿಂದ 25 ಕಳಿಸಿ. 25ನೆಯ ಭಂಗಿ 1ನೆಯದೇ ಆಗಿರಬೇಕು, 24ಕ್ಕೆ ಕತ್ತರಿಸಿದರೆ ಒಂದು ಹೆಜ್ಜೆ ಹಾರಿಹೋಗುತ್ತದೆ.

ಪಳೆಯುಳಿಕೆ_ಪ್ರಿಯ: ಮೊಟ್ಟೆ ಬೇಡ ಎಂದೇ ನನ್ನ ಮಾತು. ಹತ್ತಿರದ ಸಂಬಂಧಿ ಕ್ರಿಕೋಸಾರಸ್‌ನ ಸೊಂಟದ ಮೂಳೆಗಳ ನಡುವಿನ ದಾರಿ ಅಗಲವಾಗಿದೆ ಎಂದು 2017ರ ಅಧ್ಯಯನ ತೋರಿಸಿತು; ಮರಿ ಹಾಕುತ್ತಿದ್ದವು ಎಂಬ ವಾದಕ್ಕೆ ಅದೇ ಬಲ. ಆ ಹುಟ್ಟುಗಾಲುಗಳಲ್ಲಿ ದಡ ಹತ್ತಿ ಗೂಡು ಮಾಡುವುದೂ ಕಷ್ಟ. ಮರಿಯನ್ನೇ ನೇರವಾಗಿ ನೀರಿಗೆ ಬಿಡಿ.

ಅಲೆಗಾರ: 25 ಮಾಡಿದ ಮೇಲೆ ಲೂಪ್ ಸರಿಯಾಯಿತು. ಇದನ್ನು ಆಳದಲ್ಲೇ ಇರಿಸಬಹುದೇ?

ಪಳೆಯುಳಿಕೆ_ಪ್ರಿಯ: ಬೇಡ, ಶ್ವಾಸಕೋಶದ ಪ್ರಾಣಿ. ಉಸಿರಿನ ಮೀಟರ್ ಇಟ್ಟು, ಖಾಲಿಯಾಗುವ ಮೊದಲೇ ಅದು ತಾನಾಗಿ ಮೇಲೆ ಬರುವಂತೆ ಮಾಡಿ. ಆಟಗಾರರು ಹಿಡಿಯಬೇಕಾದ ಗಳಿಗೆ ಅದೇ.