ಬೇಸ್‌ಮೆಂಟ್‌ನಲ್ಲಿ ನಾನೇ ಹೋಮ್ ಥಿಯೇಟರ್ ಮಾಡ್ತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ: ಬೇಸ್‌ಮೆಂಟ್ ಈಗ ಬರೀ ಕಾಂಕ್ರೀಟ್, 12 ಅಡಿ ಅಗಲ 18 ಅಡಿ ಉದ್ದ, ಕೆಲ್ಸ ಪೂರ್ತಿ ನಾನೇ ಮಾಡೋದು. 100 ಇಂಚು ಸ್ಕ್ರೀನ್ ಜಾಸ್ತಿ ಆಗತ್ತಾ? ಜಿಪ್ಸಮ್ ಬೋರ್ಡ್ ಈ ವಾರಾನೇ ಹೊಡೆಯೋಣ ಅಂತಿದೀನಿ.

ಉತ್ತರ 1: ದಯವಿಟ್ಟು ಬೋರ್ಡ್ ಈಗ್ಲೇ ಹೊಡೀಬೇಡಿ! ಮೊದ್ಲು ತೇವ ನೋಡಿ. ಒಂದು ಪ್ಲಾಸ್ಟಿಕ್ ಹಾಳೆನ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟ್ಸಿ, ಒಂದೆರಡು ದಿನ ಬಿಟ್ಟು ತೆಗೀರಿ, ಗೋಡೆಗೂ ಹಂಗೇ ಮಾಡಿ. ಅಡಿಯಲ್ಲಿ ನೀರಿನ ಹನಿ ಕೂತಿದ್ರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ರೆ ತೇವ ಇದೆ ಅಂತ. ನಾನು ಇದನ್ನ ಮಾಡ್ದೇ ಬೋರ್ಡ್ ಹೊಡ್ದು, ಒಂದೇ ಮಳೆಗಾಲಕ್ಕೆ ಕೆಳಗಡೆ ಒಂದಡಿ ಪೂರ್ತಿ ಬೂಸ್ಟು ಹಿಡಿದು ಎಲ್ಲಾ ಕಿತ್ತು ಹಾಕ್ದೆ, ಆ ವಾಸ್ನೆ ಹೋಗೋಕೆ ತಿಂಗಳುಗಟ್ಲೆ ಬೇಕಾಯ್ತು.

ಉತ್ತರ 2: 100 ಇಂಚು ಆರಾಮಾಗಿ ಆಗತ್ತೆ, 100 ಅನ್ನೋದು ಮೂಲೆಯಿಂದ ಮೂಲೆಗೆ ಅಳತೆ, ಅಗಲ ಸುಮಾರು 87 ಇಂಚು ಬರತ್ತೆ, 10ರಿಂದ 13 ಅಡಿ ದೂರ ಕೂತ್ಕೊಳ್ಳಿ. ಸೋಫಾನ ಹಿಂದಿನ ಗೋಡೆಗೆ ಒರಗ್ಸಬೇಡಿ, ಅಲ್ಲಿ ಬೇಸ್ (ತಗ್ಗು ದನಿಯ ಸೌಂಡ್) ಗುಂಯ್ ಅನ್ನತ್ತೆ, ಡೈಲಾಗೇ ಕೇಳ್ಸಲ್ಲ. ಗೋಡೆಗೆ, ಮುಖ್ಯವಾಗಿ ಸೀಲಿಂಗ್‌ಗೆ, ಹೊಳಪಿಲ್ಲದ ಗಾಢ ಬಣ್ಣ.

ಉತ್ತರ 3: ವೈರ್ ಎಳೆಯೋ ಮುಂಚೆ ದಪ್ಪ ಪೈಪ್ ಹಾಕಿ, ಒಳಗೊಂದು ದಾರ ಬಿಟ್ಟಿರಿ, ನಾಳೆ ಚಿತ್ರ, ಸೌಂಡ್ ತರೋ ಎಚ್‌ಡಿಎಂಐ ಕೇಬಲ್ ಕೆಟ್ರೆ ಗೋಡೆ ಒಡೆಯೋದು ತಪ್ಪತ್ತೆ. ಸೌಂಡ್ ಮೇಲಿನ ರೂಮಿಗೆ ಹೋಗಬಾರ್ದು ಅಂದ್ರೆ ಫೋಮ್ ಅಂಟ್ಸಿ ಪ್ರಯೋಜನ ಇಲ್ಲ, ಅದು ರೂಮ್ ಒಳಗಿನ ಪ್ರತಿಧ್ವನಿಗೆ ಅಷ್ಟೇ. ಬೋರ್ಡ್ ಎರಡು ಲೇಯರ್ ಹಾಕಿ, ಬಾಗಿಲ ಸಂದು ಮುಚ್ಚಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಈಗ್ಲೇ ಪ್ಲಾಸ್ಟಿಕ್ ಅಂಟ್ಸಿ ಬಂದೆ. ಎರಡು ದಿನ ಬಿಟ್ಟು ಹೇಳ್ತೀನಿ.